ಗೌಂಡಿ ಕೆಲಸದವರ ಕೈ ತುರಿಕೆ ಮತ್ತು ಪ್ಯಾಚ್ ಟೆಸ್ಟ್

ಹುಬ್ಬಳ್ಳಿ-ಧಾರವಾಡದಲ್ಲಿ ಗೌಂಡಿ ಕೆಲಸ ಮಾಡುವವರ ಬೆರಳ ಸಂದುಗಳಲ್ಲಿ ತುರಿಕೆ, ಬಿರುಕು ಕಾಣಿಸಿದರೆ ಕೊಬ್ಬರಿ ಎಣ್ಣೆ ಸವರಿ ಸುಮ್ಮನಾಗುವವರೇ ಹೆಚ್ಚು. ಆದರೆ ಒದ್ದೆ ಸಿಮೆಂಟಿನಿಂದ ಎರಡು ಬಗೆಯ ತೊಂದರೆಗಳಾಗುತ್ತವೆ: ಪಿಎಚ್ 12ನ್ನು ಮೀರುವ ಅದರ ಕ್ಷಾರವು ಯಾರ ಚರ್ಮವನ್ನಾದರೂ ಸುಡಬಲ್ಲದು, ಅದರಲ್ಲಿರುವ ಕ್ರೋಮಿಯಂ ಕೆಲವರಿಗೆ ಮಾತ್ರ ಅಲರ್ಜಿ ಉಂಟುಮಾಡುತ್ತದೆ. ಬರಿಗಣ್ಣಿಗೆ ಎರಡೂ ಒಂದೇ ರೀತಿ ಕಾಣಬಹುದಾದ್ದರಿಂದ, ಚರ್ಮರೋಗ ತಜ್ಞರಲ್ಲಿ ಪ್ಯಾಚ್ ಟೆಸ್ಟ್ (ಅಲರ್ಜಿ ತರಬಲ್ಲ ವಸ್ತುಗಳನ್ನು ಪಟ್ಟಿಗಳಲ್ಲಿಟ್ಟು ಚರ್ಮಕ್ಕೆ ಅಂಟಿಸಿ ನೋಡುವ ಪರೀಕ್ಷೆ) ಮಾಡಿಸುವುದು ಒಳ್ಳೆಯದು. ಬೆನ್ನಿಗೆ ಅಂಟಿಸಿದ ಪಟ್ಟಿಗಳನ್ನು 48 ಗಂಟೆಗಳ ನಂತರ ತೆಗೆದು, 72 ಅಥವಾ 96 ಗಂಟೆಗಳಿಗೆ ಮತ್ತೊಮ್ಮೆ ನೋಡುತ್ತಾರೆ. ಅಲ್ಲಿಯವರೆಗೆ ಬೆನ್ನು ತೋಯಬಾರದು, ಬೆವರು ಸುರಿಸುವ ಕೆಲಸವೂ ಕೂಡದು, ಹೀಗಾಗಿ ಮೂರ್ನಾಲ್ಕು ದಿನಗಳ ಪಗಾರ ತಪ್ಪುತ್ತದೆಂಬುದನ್ನು ಲೆಕ್ಕ ಹಾಕಿ, ಮೇಸ್ತ್ರಿಯವರಿಗೆ ಮೊದಲೇ ತಿಳಿಸಿರಿ. ಸ್ಟೆರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು, ಏಕೆಂದರೆ ಅದು ಅಲರ್ಜಿಯನ್ನು ಮರೆಮಾಚಬಹುದು.

ಮನೆಯಲ್ಲಿ ಚರ್ಮಕ್ಕೆ ಸಿಮೆಂಟು ಮೆತ್ತಿಕೊಂಡು ಪರೀಕ್ಷಿಸುವ ಸಾಹಸ ಖಂಡಿತ ಬೇಡ. ಅದರಿಂದ ಸಿಗುವುದು ಸುಟ್ಟಗಾಯವಷ್ಟೇ. ಕೈಗೆ ಹಚ್ಚುವ ಹೊಸ ಮುಲಾಮನ್ನಾದರೆ ಮೊಣಕೈಯ ಒಳಮಡಿಕೆಯಲ್ಲಿ ದಿನಕ್ಕೆರಡು ಬಾರಿ, ಒಂದು ವಾರ ಹಚ್ಚಿ ನೋಡಬಹುದು. ರಬ್ಬರ್ ಕೈಗವಸಿನಲ್ಲಿರುವ ರಾಸಾಯನಿಕಗಳೂ ಕೆಲವರಿಗೆ ಒಗ್ಗುವುದಿಲ್ಲವಾದ್ದರಿಂದ, ತಾವು ಬಳಸುವ ಕೈಗವಸನ್ನೂ ವೈದ್ಯರ ಬಳಿ ಒಯ್ಯಿರಿ.