ಮಡಿಕೇರಿ ಎತ್ತರದಲ್ಲಿ ಆಟೊರೊಟೇಷನ್: ನೂರು ಅಡಿ ಸಾಲದು

ಹೆಲಿಕಾಪ್ಟರ್ ತರಬೇತಿಯಲ್ಲಿ ಎಂಜಿನ್ ನಿಜವಾಗಿ ಕೆಟ್ಟು ಆಗುವ ಅಪಘಾತ ಒಂದು ಬಗೆ. ಕೆಟ್ಟಿದೆ ಎಂದುಕೊಂಡು ಮಾಡುವ ಆಟೊರೊಟೇಷನ್ (ಎಂಜಿನ್ ಶಕ್ತಿಯಿಲ್ಲದೆ, ಕೆಳಗಿನಿಂದ ಬರುವ ಗಾಳಿಯಿಂದಲೇ ರೋಟರ್ ತಿರುಗಿಸಿಕೊಂಡು ಇಳಿಯುವುದು) ಅಭ್ಯಾಸದ ಕೊನೆಯ ಕೆಲವು ಸೆಕೆಂಡುಗಳಲ್ಲಿ ಆಗುವುದು ಇನ್ನೊಂದು. ಬಯಲಿನಲ್ಲಿ ಕಲಿತ ಲೆಕ್ಕವನ್ನು ಕೊಡಗಿಗೆ ಹಾಗೇ ತಂದರೆ ಈ ಎರಡನೆಯದು ಹತ್ತಿರವಾಗುತ್ತದೆ. ಇಲ್ಲಿನ ಅಂಕಿಗಳು ರಾಬಿನ್ಸನ್ ಆರ್22 ಎಂಬ ಸಣ್ಣ ಹೆಲಿಕಾಪ್ಟರಿನವು.

ಮೊದಲು ಕಾರ್ಬ್ ಹೀಟ್, ಅಂದರೆ ಕಾರ್ಬ್ಯುರೇಟರಿಗೆ ಬಿಸಿ ಗಾಳಿ ಬಿಡುವ ಗುಂಡಿ. ಮಳೆಗಾಲದ 18-20 ಡಿಗ್ರಿಯ ಒದ್ದೆ ಗಾಳಿಯಲ್ಲೂ ಕಾರ್ಬ್ಯುರೇಟರಿನೊಳಗೆ (ಗಾಳಿ-ಇಂಧನ ಬೆರೆಯುವ ಭಾಗ) ಮಂಜುಗಡ್ಡೆ ಕಟ್ಟುತ್ತದೆ. ಮ್ಯಾನಿಫೋಲ್ಡ್ ಒತ್ತಡ (ಎಂಜಿನ್ ಎಷ್ಟು ಶಕ್ತಿ ಕೊಡುತ್ತಿದೆ ಎಂಬುದರ ಅಳತೆ) 18 ಇಂಚಿಗಿಂತ ಇಳಿಯುವುದಾದರೆ ಆ ಗುಂಡಿಯನ್ನು ಪೂರ್ತಿ ಎಳೆಯಿರಿ, ಕಾರ್ಬ್ಯುರೇಟರ್ ಉಷ್ಣಾಂಶದ ಗೇಜನ್ನು ನಂಬಬೇಡಿ. ಆಮೇಲೆ ಕಲೆಕ್ಟಿವ್ (ರೋಟರ್ ರೆಕ್ಕೆಗಳ ಕೋನವನ್ನು ಒಟ್ಟಿಗೆ ಬದಲಿಸುವ ಸನ್ನೆ) ತಳದವರೆಗೆ, ಬಲ ಪೆಡಲ್, ವೇಗ 65 ನಾಟ್. ರೋಟರ್ ಸುತ್ತು 97ರಿಂದ 110 ಪ್ರತಿಶತದೊಳಗೆ ಇರಲಿ. ಇದರ ರೋಟರ್ ಹಗುರ. ಎಂಜಿನ್ ನಿಜವಾಗಿ ನಿಂತ ದಿನ ಕಲೆಕ್ಟಿವ್ ಇಳಿಸಲು ಸಿಗುವುದು ಸುಮಾರು ಒಂದು ಸೆಕೆಂಡು.

ನೆಲದಿಂದ 100 ಅಡಿಗೆ ಬರುವಷ್ಟರಲ್ಲಿ ರೋಟರ್ ಸುತ್ತು ಗೇಜಿನ ಹಸಿರು ಪಟ್ಟಿಯ ನಡುವೆ, ವೇಗ 60-70 ನಾಟ್, ಇಳಿತ ನಿಮಿಷಕ್ಕೆ 1,500 ಅಡಿಯೊಳಗೆ, ತಿರುವು ಮುಗಿದಿರಬೇಕು. ಒಂದು ತಪ್ಪಿದರೂ ಥ್ರಾಟಲ್ ಕೊಟ್ಟು ಮೇಲೇಳಿ. ಆದರೆ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿಯ ತೆಳುತನಕ್ಕೆ ಹೊಂದುವ ಎತ್ತರ; ಬಿಸಿಯಾದಷ್ಟೂ ಏರುತ್ತದೆ) 4,000 ಅಡಿ ದಾಟಿದಲ್ಲಿ ಈ ನಿರ್ಧಾರವನ್ನು 200 ಅಡಿಗೋ ಅದಕ್ಕೂ ಮೇಲಕ್ಕೋ ಏರಿಸಬೇಕೆಂದು ತಯಾರಕರೇ ಹೇಳುತ್ತಾರೆ. ಮಡಿಕೇರಿ ಸುಮಾರು 3,800 ಅಡಿ ಎತ್ತರದಲ್ಲಿದೆ. ಅಲ್ಲಿಗೆ ಪ್ರಮಾಣಿತ ಉಷ್ಣಾಂಶ 7 ಡಿಗ್ರಿ ಆಸುಪಾಸು. ಮಾರ್ಚ್ ಮಧ್ಯಾಹ್ನ 28 ಡಿಗ್ರಿ ಇತ್ತೆನ್ನಿ, ಹೆಚ್ಚಿನ ಪ್ರತಿ ಡಿಗ್ರಿಗೆ 120 ಅಡಿ ಕೂಡಿಸಿ: ಸುಮಾರು 6,300 ಅಡಿ! ತೆಳು ಗಾಳಿಯಲ್ಲಿ ಇಳಿತ ಜೋರು, ಮೇಲೇಳಲು ಉಳಿಯುವ ಶಕ್ತಿ ಕಡಿಮೆ. 40 ಅಡಿಯಲ್ಲಿ ಫ್ಲೇರ್ (ಮೂತಿ ಎತ್ತಿ ವೇಗ ತಗ್ಗಿಸುವುದು), 8 ಅಡಿಯಲ್ಲಿ ಮಟ್ಟ ಮಾಡುವುದು ಪುಸ್ತಕದ ಲೆಕ್ಕ; ಫ್ಲೇರ್ ತಡವಾದರೆ ಬಾಲ ನೆಲಕ್ಕೆ ಬಡಿಯುತ್ತದೆ.

ಜಾಗ ಯಾವುದು? ಕಾಫಿ ತೋಟ ಮೇಲಿನಿಂದ ಹಸಿರು ಹಾಸಿಗೆಯಂತೆ ಕಾಣುತ್ತದೆ, ಒಳಗೆ ಸಿಲ್ವರ್ ಓಕ್ ಕಾಂಡಗಳು ಕಂಬದಂತೆ ನಿಂತಿರುತ್ತವೆ. ಹುತ್ತರಿ ಕಳೆದು ಕೊಯ್ಲಾದ ಒಣ ಗದ್ದೆ ಹುಡುಕಿ, ಬದುವಿಗೆ ಅಡ್ಡ ಬೀಳದಂತೆ ಉದ್ದಕ್ಕೆ ಬನ್ನಿ. ತಂತಿ ಕಾಣುವುದಿಲ್ಲ, ಕಂಬ ಕಾಣುತ್ತದೆ: ಕಣಿವೆಯ ಎರಡೂ ದಂಡೆಯಲ್ಲಿ ಕಂಬ ಹುಡುಕಿ.

ಮಳೆಗಾಲದ ಗದ್ದೆಯಲ್ಲಿ ಇಳಿದಿದ್ದರೆ ಮತ್ತೆ ಏಳುವಾಗ ಎಚ್ಚರ. ಒಂದು ಸ್ಕಿಡ್ (ಇಳಿಯುವ ಕೊಳವೆ-ಕಾಲು) ಕೆಸರಲ್ಲಿ ಹೂತಿದ್ದರೆ ಅದನ್ನೇ ಕೀಲು ಮಾಡಿಕೊಂಡು ಯಂತ್ರ ಮಗುಚುತ್ತದೆ. ವಾಲಿಕೆ ಶುರುವಾದೊಡನೆ ಸೈಕ್ಲಿಕ್ (ಯಂತ್ರವನ್ನು ಆಚೀಚೆ ವಾಲಿಸುವ ಕೋಲು) ಎಳೆದಾಡದೆ, ಕಲೆಕ್ಟಿವನ್ನು ಜರ್ಕ್ ಇಲ್ಲದೆ ಇಳಿಸಿ.