ನಾಲ್ಕು ಸಾವಿರದ ಸುತ್ತಿಗೆ ಬೇಕಾ, ನಾನೂರರದ್ದು ಸಾಕಾ?

ಹೋದ ವರ್ಷ ಮೇ ತಿಂಗಳಲ್ಲಿ ಮಾಳಿಗೆ ಮೇಲೆ ಕೂತು ಹಳೇ ಬಾಗಿಲ ಚೌಕಟ್ಟಿನ ಮೊಳೆ ಬಡಿಯುತ್ತಿದ್ದೆ. ಮೂರನೇ ಏಟಿಗೆ ಸುತ್ತಿಗೆಯ ತಲೆ ಕಾವು, ಅಂದರೆ ಹಿಡಿಯುವ ಕೋಲು, ಬಿಟ್ಟು ಹಾರಿ ಪಕ್ಕದ ಮನೆಯ ಅಂಗಳಕ್ಕೆ ಬಿತ್ತು. ಅಲ್ಲಿ ಹಪ್ಪಳ ಒಣಗಲು ಹಾಕಿದ್ದರು. ಪುಣ್ಯಕ್ಕೆ ಪುಡಿಯಾಗಿದ್ದು ಹಪ್ಪಳ ಮಾತ್ರ. ಆ ಮನೆಯ ಕಾಕಾ ಸುತ್ತಿಗೆಯ ತಲೆಯನ್ನು ಕೈಯಲ್ಲಿ ಹಿಡಿದುಕೊಂಡು ಬಂದು, "ತಮ್ಮಾ, ಇನ್ನರ ಒಂದು ಚಲೋದು ತಗೋ" ಅಂದರು. ಅವತ್ತು ರಾತ್ರಿ ಫೋನಿನಲ್ಲಿ ಹುಡುಕಿದರೆ ತಲೆ ತಿರುಗಿತು. ಇನ್ನೂರಕ್ಕೂ ಸುತ್ತಿಗೆ ಇದೆ, ನಾಲ್ಕೈದು ಸಾವಿರಕ್ಕೂ ಇದೆ, ಟೈಟಾನಿಯಮ್ ಅಂದರೆ ಇಪ್ಪತ್ತು ಸಾವಿರ ದಾಟಿದ್ದೂ ಇದೆ.

ಮೊದಲೇ ಹೇಳಿಬಿಡುತ್ತೇನೆ. ಮನೆ ಕೆಲಸಕ್ಕೆ ದುಬಾರಿಯದ್ದು ಬೇಡ, ತೀರಾ ಅಗ್ಗದ್ದೂ ಬೇಡ. ನೂರೈವತ್ತರ ಸುತ್ತಿಗೆಗೂ ನಾನೂರು-ಐನೂರರದ್ದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಐನೂರರಿಂದ ಐದು ಸಾವಿರಕ್ಕೆ ಹೋದರೆ ಮಾತ್ರ ನಮ್ಮಂಥವರ ಕೈಗೆ ಅಷ್ಟೇನೂ ಗೊತ್ತಾಗುವುದಿಲ್ಲ. ಗೆಳೆಯನ ಹತ್ತಿರ ಒಂದು ದುಬಾರಿಯದ್ದು ಇಸಕೊಂಡು ಎರಡು ತಿಂಗಳು ಬಡಿದು ನೋಡಿಯೇ ಹೇಳುತ್ತಿದ್ದೇನೆ. ಮತ್ತೆ, ಅವತ್ತು ಹಾರಿದ ನನ್ನ ಸುತ್ತಿಗೆಯಲ್ಲಿ ಕೆಟ್ಟಿದ್ದು ಕಬ್ಬಿಣ ಅಲ್ಲ, ಕಾವು.

ಹಾಗಾದರೆ ಅಷ್ಟು ದುಡ್ಡು ಯಾತಕ್ಕೆ? ಎಸ್ಟ್‌ವಿಂಗ್ ಅಂತ ಅಮೆರಿಕದ ಕಂಪನಿ ಇದೆ, 1923ರಲ್ಲಿ ಶುರುವಾಗಿದ್ದು, ಇಲಿನಾಯ್ ರಾಜ್ಯದ ರಾಕ್‌ಫರ್ಡ್ ಊರಿನದ್ದು. ಅವರ ಹೆಸರಾದ ಸುತ್ತಿಗೆಯಲ್ಲಿ ತಲೆ, ಕಾವು ಎರಡೂ ಒಂದೇ ಉಕ್ಕಿನ ತುಂಡು. ತಲೆ ಹಾರುವ ಮಾತೇ ಇಲ್ಲ, ಅದು ನಿಜವಾದ ಲಾಭ. ಆದರೆ ಉಕ್ಕಿನ ಕಾವು ಏಟಿನ ಅದುರುವಿಕೆಯನ್ನು ನೇರ ಮೊಣಕೈಗೆ ಕಳಿಸುತ್ತದೆ, ಅದಕ್ಕೇ ದಪ್ಪ ಹಿಡಿಕೆ ಹಾಕಿರುತ್ತಾರೆ. ಮರದ ಕಾವು ಅದನ್ನು ತಡೆಯುವ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತದೆ ನೋಡಿ.

ಟೈಟಾನಿಯಮ್ಮಿನ ಕತೆ ಬೇರೆ. ಅಷ್ಟೇ ಗಾತ್ರದ ಉಕ್ಕಿಗಿಂತ ಅದು ನಲವತ್ತು ಪರ್ಸೆಂಟಿನಷ್ಟು ಹಗುರ. ತಲೆ ಹಗುರವಾದರೆ ಜೋರಾಗಿ ಬೀಸಬಹುದು. ಏಟಿನ ಶಕ್ತಿ ತೂಕಕ್ಕಿಂತ ವೇಗದ ಮೇಲೆ ಜಾಸ್ತಿ ನಿಂತಿದೆ: ತೂಕ ಎರಡು ಪಟ್ಟಾದರೆ ಶಕ್ತಿ ಎರಡು ಪಟ್ಟು, ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟು. ಲೆಕ್ಕ ಸರಿ. ಆದರೆ ಇದು ಯಾರಿಗೆ ಬೇಕು? ಅಮೆರಿಕದಲ್ಲಿ ಇಡೀ ಮನೆಯನ್ನೇ ಮೆತ್ತನೆ ಮರದ ಪಟ್ಟಿಗಳಲ್ಲಿ ಕಟ್ಟುತ್ತಾರೆ, ಅಲ್ಲಿಯ ಬಡಗಿ ದಿನವಿಡೀ ತೋಳು ಬೀಸಿ ಉದ್ದುದ್ದ ಮೊಳೆ ಇಳಿಸುತ್ತಾನೆ, ಅವನಿಗೆ ನೂರು ಗ್ರಾಂ ಉಳಿದರೂ ಸಂಜೆಗೆ ಅದರ ಬೆಲೆ ಗೊತ್ತಾಗುತ್ತದೆ. ನಾವು ಯುಗಾದಿಗೊಮ್ಮೆ ತೋರಣದ ಮೊಳೆ ಹೊಡೆಯುವವರು.

ಅದೂ ನಮ್ಮ ಕಲಬುರಗಿ ಗೋಡೆಗಳು! ಹಳೇ ಮನೆಯಾದರೆ ಶಹಾಬಾದ್ ಕಲ್ಲು, ಹೊಸದಾದರೆ ಕಾಂಕ್ರೀಟು. ಯಾವ ಕಂಪನಿಯ ಸುತ್ತಿಗೆ ತಂದರೂ ಕಲ್ಲಿನಲ್ಲಿ ಮೊಳೆ ಇಳಿಯುವುದಿಲ್ಲ, ಸೊಟ್ಟಗಾಗುತ್ತದೆ ಅಷ್ಟೇ. ಅಲ್ಲಿಗೆ ಬೇಕಾಗಿದ್ದು ಡ್ರಿಲ್ಲು, ಅದಕ್ಕೆ ಆರು ಎಂಎಂ ಬಿಟ್, ಸ್ಕ್ರೂ ಹಿಡಿಯಲು ತೂತಿಗೆ ತುಂಬುವ ಪ್ಲಾಸ್ಟಿಕ್ ಗಟ್ಟ. ಸುತ್ತಿಗೆ ಸರಿಯಿಲ್ಲ ಅಂತ ಬೈಯುವವರಲ್ಲಿ ಅರ್ಧ ಜನಕ್ಕೆ ಬೇಕಾಗಿದ್ದು ಸುತ್ತಿಗೆಯೇ ಅಲ್ಲ ಅಂತ ನನ್ನ ಅನುಮಾನ.

ದುಬಾರಿಯದ್ದು ತೆಗೆದುಕೊಳ್ಳಬಹುದಾದವರು ಇಲ್ಲೂ ಇದ್ದಾರೆ. ಸೆಂಟ್ರಿಂಗ್ ಕೆಲಸದವರು ದಿನಾ ಹಲಗೆಗೆ ಮೊಳೆ ಹೊಡೆಯುತ್ತಾರೆ, ಸ್ಲ್ಯಾಬ್ ಗಟ್ಟಿಯಾದ ಮೇಲೆ ಕೀಳುತ್ತಾರೆ. ಕೀಳುವಾಗ ಅಗ್ಗದ ಸುತ್ತಿಗೆಯ ಕಾವು ತಲೆಯ ಬುಡದಲ್ಲೇ ಮುರಿಯುತ್ತದೆ. ಅವರಿಗೆ ಒಂದೇ ತುಂಡಿನ ಉಕ್ಕಿನದ್ದು ಕೊಟ್ಟ ದುಡ್ಡನ್ನು ದುಡಿದು ಕೊಡುತ್ತದೆ. ಮೊಣಕೈ ನೋವು ಶುರುವಾದವರು ಮಾತ್ರ ಬೆಲೆ ನೋಡುವ ಮೊದಲು ತೂಕ ಇಳಿಸಿ ನೋಡಲಿ.

ಇನ್ನು ಅಂಗಡಿಗೆ ಹೋಗೋಣ. ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನುವ ಪೇಟೆಯ ಕಡೆ ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದರೂ ಟಪಾರಿಯಾ, ಸ್ಟ್ಯಾನ್ಲಿ ಥರದ್ದು ಸಿಗುತ್ತವೆ, ಪಕ್ಕದಲ್ಲೇ ಹೆಸರಿಲ್ಲದವೂ ಇರುತ್ತವೆ. ಅಂಗಡಿಯವರು "ಎಲ್ಲಾ ಒಂದೇರಿ ಸರ" ಅನ್ನುತ್ತಾರೆ. ಒಂದೇ ಅಲ್ಲ. ಮೊದಲು ಬಡಿಯುವ ಮುಖ ನೋಡಿ. ಅದು ಪೂರ್ತಿ ಸಪಾಟಾಗಿರಬಾರದು, ನಡುವೆ ತುಸು ಉಬ್ಬಿರಬೇಕು, ಅಂಚು ಸುತ್ತಲೂ ಸ್ವಲ್ಪ ಕೆತ್ತಿರಬೇಕು. ಅಂಚು ಚೂಪಾಗಿದ್ದರೆ ಏಟು ಕೊಂಚ ವಾರೆಯಾದರೂ ಮರದ ಮೇಲೆ ಅರ್ಧಚಂದ್ರದ ಗುರುತು ಬೀಳುತ್ತದೆ, ಚಕ್ಕೆ ಏಳುವ ಭಯವೂ ಇದೆ. ಆಮೇಲೆ ತಲೆಯ ಪಕ್ಕದಲ್ಲಿ ಎರಕದ ಗೆರೆ, ಮರಳು ಮರಳಾದ ಮೈ ಕಂಡರೆ ವಾಪಸ್ ಇಟ್ಟುಬಿಡಿ. ಅದು ಅಚ್ಚಿಗೆ ಹೊಯ್ದ ಬೀಡು ಕಬ್ಬಿಣ ಇರಬಹುದು, ಒಂದು ದಿನ ಫಟ್ ಅಂತ ಒಡೆಯುತ್ತದೆ. ಕಾಯಿಸಿ ಬಡಿದು ಮಾಡಿದ ಉಕ್ಕಿನ ತಲೆಯೇ ಬೇಕು. ಸ್ಟೀಲ್ ಸುತ್ತಿಗೆಗಳಿಗೆ ಐಎಸ್ 841 ಅಂತ ಭಾರತದ್ದೇ ಮಾನದಂಡ ಇದೆ, ಆ ನಂಬರು ಕಂಡರೆ ಒಳ್ಳೆಯದು. ಮನೆಗೆ ತಂದ ಮೇಲೆ ಮುಖದ ಅಂಚಿಗೆ ಹಳೇ ಅರ, ಅಂದರೆ ಫೈಲು, ಆಡಿಸಿ ನೋಡಿ. ಬೆಲ್ಲ ಹೆರೆದ ಹಾಗೆ ಪುಡಿ ಉದುರಿದರೆ ಮೋಸ, ಅರ ಕಷ್ಟಪಟ್ಟು ಹಿಡಿದರೆ ಸರಿ.

ಮರದ ಕಾವಿದ್ದರೆ ಬುಡ ತಿರುಗಿಸಿ ನೋಡಿ. ಅಲ್ಲಿ ಕಾಣುವ ಗೆರೆಗಳು ಸುತ್ತಿಗೆ ಬೀಸುವ ದಿಕ್ಕಿಗೇ ಇರಬೇಕು, ಅಡ್ಡ ಇದ್ದರೆ ಕಾವು ಬೇಗ ಸೀಳುತ್ತದೆ. ಪಕ್ಕದಿಂದ ನೋಡಿದರೆ ಎಳೆ ಮೇಲಿಂದ ಕೆಳಗಿನವರೆಗೆ ನೇರ ಓಡಬೇಕು, ನಡುವೆ ಗಂಟಿರಬಾರದು. ದಪ್ಪ ಬಣ್ಣ ಬಳಿದಿದ್ದರೆ ಏನೋ ಮುಚ್ಚಿದ್ದಾರೆ ಅಂತಲೇ ತಿಳಿಯಿರಿ. ರಬ್ಬರ್ ಹಿಡಿಕೆಯ ಅಗ್ಗದ ಮಾಲು ನಮ್ಮ ಬಿಸಿಲಿಗೆ ಎರಡೇ ವರ್ಷದಲ್ಲಿ ಅಂಟಂಟಾಗುತ್ತದೆ, ನನ್ನದು ಆಗಿದೆ.

ತೂಕ: ಮನೆಗೆ ಮೊಳೆ ಕೀಳುವ ಸುತ್ತಿಗೆಯೇ ಸಾಕು, 450 ಗ್ರಾಂ ಆಸುಪಾಸಿನದ್ದು. ಭಾರ ಅನಿಸಿದರೆ 340ರದ್ದು. ಉಳಿಗೆ, ಗಟ್ಟಿ ಕಾಂಕ್ರೀಟ್ ಮೊಳೆಗೆ ಅದನ್ನು ಬಳಸಬೇಡಿ, ಅದಕ್ಕೆ ಒಂದು ಕಡೆ ಗುಂಡಗಿರುವ ಬಾಲ್‌ಪೀನ್ ಬೇರೆ ತನ್ನಿ. ಶಹಾಬಾದ್ ಕಲ್ಲು ಹಾಸುವಾಗ ಕಬ್ಬಿಣ ಮುಟ್ಟಿಸಲೇಬೇಡಿ, ಮರದ ಕೊಡತಿ ಅಥವಾ ರಬ್ಬರಿನದ್ದು ಬೇಕು. ಬೀದರಿನಲ್ಲಿ ಬಿದರಿ ಕೆಲಸದವರು ಕೆತ್ತಿದ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸುವುದು ಸಣ್ಣ ಸುತ್ತಿಗೆಯ ಹಗುರ ಏಟಿನಿಂದ. ಅದನ್ನು ಒಮ್ಮೆ ನೋಡಿದರೆ ದೊಡ್ಡ ಸುತ್ತಿಗೆಯ ಹುಚ್ಚು ತಾನೇ ಇಳಿಯುತ್ತದೆ. ಇನ್ನೊಂದು ಮಾತು, ಸುತ್ತಿಗೆಯಿಂದ ಸುತ್ತಿಗೆಗೆ ಹೊಡೆಯಬೇಡಿ. ಎರಡೂ ಗಡಸು, ಚಕ್ಕೆ ಹಾರಿದರೆ ಕಣ್ಣೇ ಹೋಗಬಹುದು.

ಈಗ ಕಾವು. ಉಳಿಸಿದ ದುಡ್ಡಿಗಿಂತ ಇಲ್ಲಿ ಕೊಡುವ ಒಂದು ಗಂಟೆ ದೊಡ್ಡದು. ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಮರ ಒಣಗಿ ಕುಗ್ಗುತ್ತದೆ, ತಲೆ ಅಲ್ಲಾಡುತ್ತದೆ. ಆಗ ಎಲ್ಲರೂ ಮಾಡುವುದೇನು, ಬಕೆಟ್ ನೀರಲ್ಲಿ ರಾತ್ರಿಯಿಡೀ ನೆನೆಹಾಕುವುದು. ಬೆಳಿಗ್ಗೆ ಬಿಗಿಯಾಗಿರುತ್ತದೆ, ನಿಜ. ಆದರೆ ಉಬ್ಬಿದ ಮರಕ್ಕೆ ಕಬ್ಬಿಣದೊಳಗೆ ಜಾಗ ಇಲ್ಲದೆ ಅದರ ಎಳೆ ಜಜ್ಜಿಹೋಗುತ್ತದೆ. ಒಣಗಿದ ಮೇಲೆ ಮೊದಲಿಗಿಂತ ಸಡಿಲ. ನನ್ನದು ಹಾರಿದ್ದೂ ಹೀಗೆಯೇ.

ಹೊಸ ಕಾವು ಹಾಕುವುದಾದರೆ ಏಪ್ರಿಲ್-ಮೇನಲ್ಲೇ ಹಾಕಿ. ಒಣಗಿ ಕುಗ್ಗಿದ ಮರವನ್ನು ಬಿಗಿಯಾಗಿ ಕೂರಿಸಿದರೆ ಮಳೆಗಾಲದಲ್ಲಿ ಅದು ಇನ್ನಷ್ಟು ಬಿಗಿಯುತ್ತದೆ. ಶ್ರಾವಣದಲ್ಲಿ ಕೂರಿಸಿದ್ದು ಯುಗಾದಿಗೆ ಸಡಿಲ. ಮರ ಜಾಲಿಯದ್ದಾದರೆ ಚಲೋ, ಆದರೆ ಕಡಿದು ನೆರಳಲ್ಲಿ ಚೆನ್ನಾಗಿ ಒಣಗಿಸಿದ್ದು ಬೇಕು, ಹಸಿಯದ್ದು ಬೇಡ. ಹಳೇ ತುಂಡನ್ನು ತೆಗೆಯಲು ತಲೆಯನ್ನು ಒಲೆಗೆ ಹಾಕಬೇಡಿ, ಕಾದರೆ ಉಕ್ಕಿನ ಗಡಸು ಹೋಗುತ್ತದೆ. ಡ್ರಿಲ್ಲಿನಿಂದ ನಾಲ್ಕು ತೂತು ಕೊರೆದು ಕಬ್ಬಿಣದ ಸಲಾಕೆಯಿಂದ ತಟ್ಟಿ ಹೊರದೂಡಿ.

ಹೊಸ ಕಾವಿನ ತುದಿಯನ್ನು ತೂತಿಗೆ ಬಿಗಿಯಾಗುವಷ್ಟೇ ಹೆರೆಯಿರಿ. ತಲೆ ಚಾಚಿರುವ ದಿಕ್ಕಿನಲ್ಲೇ ಗರಗಸದಿಂದ ಒಂದು ಸೀಳು ಹಾಕಿ, ತೂತಿನ ಆಳದ ಮೂರರಲ್ಲಿ ಎರಡು ಪಾಲಿನಷ್ಟು. ತಲೆ ಸಿಕ್ಕಿಸಿ, ಸುತ್ತಿಗೆಯನ್ನು ತಲೆಕೆಳಗಾಗಿ ಗಾಳಿಯಲ್ಲಿ ಹಿಡಿದು, ಮೇಲಿರುವ ಕಾವಿನ ಬುಡಕ್ಕೆ ಕೊಡತಿಯಿಂದ ಬಡಿಯಿರಿ. ತಲೆ ಭಾರ, ಅದು ಇದ್ದಲ್ಲೇ ಇರುತ್ತದೆ, ಕಾವು ಅದರೊಳಗೆ ಇಳಿಯುತ್ತಾ ಹೋಗುತ್ತದೆ. ನೆಲಕ್ಕೆ ಕುಟ್ಟಿ ಒದ್ದಾಡುವುದಕ್ಕಿಂತ ಇದು ಸಲೀಸು. ಆಮೇಲೆ ಸೀಳಿಗೆ ಮರದ ಬೆಣೆ, ಅದಕ್ಕೆ ಅಡ್ಡವಾಗಿ ಸಣ್ಣ ಕಬ್ಬಿಣದ ಬೆಣೆ. ಹೊರಗೆ ಉಳಿದದ್ದನ್ನು ಎರಡು-ಮೂರು ಎಂಎಂ ಬಿಟ್ಟು ಕತ್ತರಿಸಿ. ಇದು ಬೇಜಾರಾದರೆ ಬಡಿಗೇರರ ಹತ್ತಿರ ಒಯ್ಯಿರಿ, ಚಹಾ ಮುಗಿಯುವುದರೊಳಗೆ ಹಾಕಿಕೊಡುತ್ತಾರೆ.

ಕೊನೆಗೆ ಎಣ್ಣೆ. ಅಗಸೆ ಎಣ್ಣೆ ಒಳ್ಳೆಯದು, ಅದು ಮರದೊಳಗೆ ಹೋಗಿ ಗಟ್ಟಿಯಾಗುತ್ತದೆ. ಪೇಂಟ್ ಅಂಗಡಿಯಲ್ಲಿ ಸಿಗುವ ಡಬಲ್ ಬಾಯಿಲ್ಡ್ ಆದರೆ ಬೇಗ ಒಣಗುತ್ತದೆ. ಮನೆಯಲ್ಲಿ ಕುಸುಬೆ ಎಣ್ಣೆ ಇದ್ದರೆ ಅದೂ ನಡೆಯುತ್ತದೆ, ನಿಧಾನ ಅಷ್ಟೇ. ಶೇಂಗಾ ಎಣ್ಣೆ ಬೇಡ, ಒಣಗದೆ ಜಿಡ್ಡಾಗಿ ಉಳಿಯುತ್ತದೆ. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಒರೆಸಿ, ಮರುದಿನ ಇನ್ನೊಮ್ಮೆ. ತಲೆಯ ಮೇಲೆ ಕಾಣುವ ಮರದ ತುದಿಗೆ ಜಾಸ್ತಿ ಕುಡಿಸಿ, ಪಸೆ ಹೋಗುವುದು ಬರುವುದು ಹೆಚ್ಚಾಗಿ ಅಲ್ಲಿಂದಲೇ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯ ಬಟ್ಟೆ ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಅದೂ ನಮ್ಮ ಮೇ ತಿಂಗಳಲ್ಲಿ. ನೀರಲ್ಲಿ ಅದ್ದಿ, ಮನೆಯಿಂದ ದೂರ, ಒಂದೊಂದಾಗಿ ಹರವಿ ಒಣಹಾಕಿ.