ಪೇಟೆಗೆ, ಪೇಟೆಯಲ್ಲಿ: ಟ್ಯೂಬಿಂಗನ್‌ನಲ್ಲಿ ನಾನು ಜರ್ಮನ್ ಕಲಿತ ಬಗೆ

2023ರ ಅಕ್ಟೋಬರ್. ಜರ್ಮನಿಯ ಟ್ಯೂಬಿಂಗನ್‌ಗೆ ಬಂದು ಹತ್ತು ದಿನ ಆಗಿತ್ತಷ್ಟೆ, ಜ್ವರ ಹಿಡಿಯಿತು. ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಮಾಡಿದಾಗ ಆ ಕಡೆಯ ಹೆಂಗಸು ಬರಬೇಕಾದ ಸಮಯ 'ಹಾಲ್ಬ್ ಆಖ್ಟ್' ಎಂದರು. ಹಾಲ್ಬ್ ಅಂದರೆ ಅರ್ಧ, ಆಖ್ಟ್ ಅಂದರೆ ಎಂಟು, ಇಷ್ಟು ಗೊತ್ತಿತ್ತು. ಮರುದಿನ ಬೆಳಿಗ್ಗೆ ಎಂಟೂ ಇಪ್ಪತ್ತೈದಕ್ಕೇ ಹೋಗಿ ಬಾಗಿಲಲ್ಲಿ ನಿಂತೆ. ನನ್ನ ಸಮಯ ಏಳೂವರೆಗೇ ಮುಗಿದಿತ್ತು. ಎಂಟನೆಯ ಗಂಟೆ ಅರ್ಧ ತುಂಬಿದರೆ ಅದು 'ಹಾಲ್ಬ್ ಆಖ್ಟ್'. ಟ್ಯೂಬಿಂಗನ್ ಸುತ್ತಲಿನ ಈ ಶ್ವಾಬಿಯ ಸೀಮೆಯವರು ಏಳೂ ಮುಕ್ಕಾಲಿಗೂ 'ಎಂಟರ ಮುಕ್ಕಾಲು' ಎನ್ನುತ್ತಾರೆ. ಮೈ ಬಿಸಿಯಾಗಿಯೇ ಮತ್ತೆ ಎರಡು ಗಂಟೆ ಕಾದೆ. ಕಾಯುತ್ತಾ ಕೂತಾಗ ಹೊಳೆದದ್ದು ಒಂದೇ: ಕಿವಿಗೆ ಬಿದ್ದದ್ದನ್ನೆಲ್ಲ ನಾನು ಮೊದಲು ಇಂಗ್ಲಿಷ್ ಮಾಡಿಕೊಂಡು, ಆಮೇಲೆ ಅರ್ಥ ಮಾಡಿಕೊಳ್ಳುತ್ತಿದ್ದೆ.

ನಾನು ಕುಂದಾಪುರದ ಕಡೆಯವನು. ಎಂಜಿನಿಯರಿಂಗ್ ಮುಗಿಸಿ ಕಂಪ್ಯೂಟೇಶನಲ್ ಲಿಂಗ್ವಿಸ್ಟಿಕ್ಸ್‌ನಲ್ಲಿ, ಅಂದರೆ ಕಂಪ್ಯೂಟರ್ ಬಳಸಿ ಭಾಷೆಯನ್ನು ಅಧ್ಯಯನ ಮಾಡುವ ವಿಷಯದಲ್ಲಿ, ಎಂ.ಎ. ಮಾಡಲು ಇಲ್ಲಿಗೆ ಬಂದೆ. ಪಾಠ ಇಂಗ್ಲಿಷಿನಲ್ಲಿ. ಹಾಗಾಗಿ ಬೆಂಗಳೂರಿನಲ್ಲಿ ಜರ್ಮನ್ನಿನ ಮೊದಲ ಮೆಟ್ಟಿಲಾದ ಎ1 ಹಂತ ಮುಗಿಸಿದ್ದೇ ಧಾರಾಳವಾಯಿತು ಎಂದುಕೊಂಡಿದ್ದೆ. ಬರುವ ಮೊದಲು ತಲೆಯಲ್ಲಿದ್ದದ್ದೆಲ್ಲ ದುಡ್ಡು ಮತ್ತು ಕಾಗದ. ನಮ್ಮ ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಆಗಬೇಕಿತ್ತು, ವೀಸಾಕ್ಕಾಗಿ ತೆರೆಯುವ, ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟಿನಲ್ಲಿ ಆಗ 11,208 ಯೂರೋ ಇಡಬೇಕಿತ್ತು. ಆಗಿನ ಲೆಕ್ಕಕ್ಕೆ ಅದು ಹತ್ತಿರಹತ್ತಿರ ಹತ್ತು ಲಕ್ಷ ರೂಪಾಯಿ. ಅದರಿಂದ ತಿಂಗಳಿಗೆ 934 ಯೂರೋ ಮಾತ್ರ ಕೈಗೆ ಬರುತ್ತಿತ್ತು. ಜರ್ಮನಿಯಲ್ಲಿ ಓದು ಪುಕ್ಕಟೆ ಎಂಬ ಮಾತನ್ನು ನಂಬಿ ಹೊರಡುವವರು ಒಂದು ತಿಳಿದುಕೊಳ್ಳಬೇಕು. ಟ್ಯೂಬಿಂಗನ್ ಇರುವ ಬಾಡನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ನಮ್ಮಂಥ ಹೊರದೇಶದವರು 2017ರಿಂದ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಕಟ್ಟಬೇಕು. ಅಪ್ಪ ಸಾಲ ಮಾಡಿ ಕಳಿಸಿದ ದುಡ್ಡಿದು. ಒಂದು ಹೊತ್ತಿನ ಜ್ವರಕ್ಕೆ ಮಾತು ಬಾರದೆ ನಿಂತಾಗ ನನಗೆ ನಿಜಕ್ಕೂ ಸಂಕಟವಾಯಿತು.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟೆ. ಎಡಪುಟದಲ್ಲಿ ಜರ್ಮನ್, ಬಲಪುಟದಲ್ಲಿ ಕನ್ನಡ. ಇಂಗ್ಲಿಷಿಗೆ ಜಾಗವೇ ಇಲ್ಲ.

ಮೊದಲು ಬಿಡಿಸಿದ ಗಂಟು ವಿಭಕ್ತಿಯದು. 'ಇನ್ ಡೀ ಷ್ಟಾಟ್' ಮತ್ತು 'ಇನ್ ಡೆರ್ ಷ್ಟಾಟ್', ಎರಡರಲ್ಲೂ ಪದ ಅದೇ, ಪದದ ಮುಂದೆ ಬರುವ ಆರ್ಟಿಕಲ್ (ಡೀ, ಡೆರ್) ಮಾತ್ರ ಬೇರೆ. ಬೆಂಗಳೂರಿನ ಕ್ಲಾಸಿನಲ್ಲಿ ಇದನ್ನು ಅಕ್ಯುಸೇಟಿವ್, ಡೇಟಿವ್ ಎಂದು ಕೋಷ್ಟಕ ಹಾಕಿ ಬಾಯಿಪಾಠ ಮಾಡಿದ್ದೆ. ಮಾತಾಡುವಾಗ ಒಂದೂ ನೆನಪಿಗೆ ಬರುತ್ತಿರಲಿಲ್ಲ. ಬಲಪುಟದಲ್ಲಿ ಬರೆದಾಗ ಕಂಡದ್ದು ಇಷ್ಟೇ: ಮೊದಲನೆಯದು 'ಪೇಟೆಗೆ', ಎರಡನೆಯದು 'ಪೇಟೆಯಲ್ಲಿ'. 'ಪೇಟೆಯಲ್ಲಿ ಹೋಗಿ ಬರುತ್ತೇನೆ' ಎಂದು ನಮ್ಮಲ್ಲಿ ಮೂರು ವರ್ಷದ ಮಗುವೂ ಹೇಳುವುದಿಲ್ಲ. ಆ ತಿಳಿವಳಿಕೆ ನನ್ನೊಳಗೆ ಮೊದಲೇ ಇತ್ತು. ಅದಕ್ಕೆ ಜರ್ಮನ್ ಹೊದಿಕೆ ಹಾಕುವುದಷ್ಟೇ ಬಾಕಿ.

ಆಮೇಲೆ ವಾಕ್ಯದ ಕೊನೆಗೆ ಹೋಗಿ ಕೂರುವ ಕ್ರಿಯಾಪದ. 'ಡಾಸ್ ಎರ್ ಮೋರ್ಗನ್ ಇನ್ ಡೀ ಷ್ಟಾಟ್ ಕೊಮ್ಟ್.' ಮುಂದಿರುವ 'ಡಾಸ್' ನಮ್ಮ 'ಎಂದು'. ಅದೊಂದನ್ನು ಬಿಟ್ಟು ಪದಕ್ಕೆ ಪದ ಇಟ್ಟು ನೋಡಿ: ಅವನು, ನಾಳೆ, ಪೇಟೆಗೆ, ಬರುತ್ತಾನೆ. ಒಂದು ಪದವನ್ನೂ ಕದಲಿಸಬೇಕಿಲ್ಲ. ನನ್ನ ಜೊತೆ ಓದುತ್ತಿದ್ದ ಅಮೆರಿಕದ ಹುಡುಗ ಇದೇ ವಾಕ್ಯದ ಮೇಲೆ ಒಂದು ವಾರ ಒದ್ದಾಡಿದ್ದ. ನನಗೆ ಅದು ಮನೆಯ ಮಾತಿನ ನಡಿಗೆ.

ಉದ್ದುದ್ದ ಪದಗಳ ಹೆದರಿಕೆಯೂ ಹೀಗೆಯೇ ಹೋಯಿತು. ಕ್ರಾಂಕನ್‌ಫೆರ್‌ಸಿಶರುಂಗ್ಸ್‌ಬೆಶೈನಿಗುಂಗ್, ಅಂದರೆ ಆರೋಗ್ಯ ವಿಮೆಯ ಪ್ರಮಾಣಪತ್ರ. ಹೈಸ್ಕೂಲಿನಲ್ಲಿ ವಿಗ್ರಹವಾಕ್ಯ ಬರೆಸಿದ್ದ ಕನ್ನಡ ಮೇಷ್ಟ್ರನ್ನು ಅಂದು ನೆನೆದೆ. ತತ್ಪುರುಷದಂತೆ ಕೊನೆಯ ಪದ ಹಿಡಿದರೆ ಸಾಕು, ಅದು ಪ್ರಮಾಣಪತ್ರ. ಯಾವುದರದು ಎಂದು ಕೇಳುತ್ತಾ ಹಿಂದೆ ಹೋಗಬೇಕು. ನೀನು, ನೀವುಗಳ ಮರ್ಯಾದೆ 'ಡೂ', 'ಜೀ' ಆಗಿ ಇಲ್ಲಿಯೂ ಇದೆ. ಅದನ್ನು ಯಾರೂ ನನಗೆ ಕಲಿಸಬೇಕಾಗಲಿಲ್ಲ.

ಎಲ್ಲಕ್ಕೂ ಕನ್ನಡ ಕೀಲಿಕೈ ಅಂತ ಹೇಳಿದರೆ ಸುಳ್ಳಾದೀತು. ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ. ಇದಕ್ಕೆ ಬಾಯಿಪಾಠವೇ ಗತಿ. ಆದರೆ ಹುಡುಗಿ ಎಂಬ ಅರ್ಥದ 'ಮೇಡ್ಶನ್' ನಪುಂಸಕಲಿಂಗ ಎಂದಾಗ ಉಳಿದವರಿಗೆ ಆಶ್ಚರ್ಯ, ನನಗಿಲ್ಲ. ನಮ್ಮ ಕರಾವಳಿಯ ಮನೆಮಾತಿನಲ್ಲಿ ಹುಡುಗಿಯನ್ನು 'ಅದು ಬಂತು' ಎನ್ನುವ ರೂಢಿ ಇದೆಯಲ್ಲ.

ಪುಸ್ತಕದ ಜರ್ಮನ್ ಕೈಗೆ ಬಂದ ಮೇಲೂ ಬೀದಿಯ ಜರ್ಮನ್ ಸಿಕ್ಕಿರಲಿಲ್ಲ. ನನ್ನ ಕೋಣೆ ಗುಡ್ಡದ ಮೇಲಿನ ವಾಲ್ಡ್‌ಹಾಯ್ಸರ್ ಓಸ್ಟ್ ಬಡಾವಣೆಯ ಹಾಸ್ಟೆಲಿನಲ್ಲಿತ್ತು. ಅಲ್ಲಿ ಬೇಕರಿಯ ಹಿರಿಯ ಹೆಂಗಸು 'ಇಸ್ಟ್' ಎನ್ನಬೇಕಾದಲ್ಲಿ 'ಇಶ್' ಎನ್ನುತ್ತಿದ್ದರು, 'ನಿಶ್ಟ್' ಬದಲು 'ನೆಟ್'. ಪುಟ್ಟ ಬನ್ನಿಗೆ 'ವೆಕ್ಲೆ', ಪುಟ್ಟ ಮನೆಗೆ 'ಹಾಯ್ಸ್ಲೆ'. ಮೊದಮೊದಲು ಕಿವಿ ಸೋತಿತು. ಆಮೇಲೆ ಅನಿಸಿತು: ಹೋಗುವುದು, ಬರುವುದು ಎಂದು ಓದಿ ಬಂದವನಿಗೆ ನಮ್ಮೂರಲ್ಲಿ 'ಹೋಪುದು', 'ಬಪ್ಪುದು' ಕೇಳಿಸಿದರೆ ಅವನ ಗತಿಯೂ ಇದೇ ಅಲ್ಲವೇ. ನೋಟ್‌ಬುಕ್ಕಿಗೆ ಮೂರನೆಯ ಅಂಕಣ ಎಳೆದೆ. ದಿನಕ್ಕೆ ಒಂದು ಪದ ಅವರನ್ನು ಕೇಳುವುದು, ಬರೆಯುವುದು, ಮರುದಿನ ಬಳಸುವುದು. ತಪ್ಪಿದರೆ ಅವರು ತಿದ್ದಿ ಎರಡು ಸಲ ಹೇಳಿಸುತ್ತಿದ್ದರು. ಆ ಹೆಂಗಸಿಗೆ ನಾನು ಬಹಳ ಋಣಿ.

ಈ ಊರಿಗೂ ಕನ್ನಡಕ್ಕೂ ಇರುವ ನಂಟು ನೆನಪಾದದ್ದು ಆ ಚಳಿಗಾಲದಲ್ಲಿ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ನಮ್ಮ ನಾಡಿಗೆ ಬಂದ ಫರ್ಡಿನಾಂಡ್ ಕಿಟೆಲ್ ಕೊನೆಗಾಲ ಕಳೆದದ್ದು ಟ್ಯೂಬಿಂಗನ್‌ನಲ್ಲಿ. 1903ರ ಡಿಸೆಂಬರಿನಲ್ಲಿ ತೀರಿಕೊಂಡದ್ದೂ ಇಲ್ಲೇ. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಸುಮಾರು 70,000 ಪದಗಳು. 1896ರಲ್ಲಿ ನನ್ನ ಈ ವಿಶ್ವವಿದ್ಯಾಲಯವೇ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 'ಮಂಗಳೂರ ಸಮಾಚಾರ' ಪತ್ರಿಕೆಯನ್ನು 1843ರಲ್ಲಿ ಹೊರತಂದ ಹೆರ್ಮನ್ ಮೊಗ್ಲಿಂಗ್ ಓದಿದ್ದೂ ಇದೇ ಊರಲ್ಲಿ. ನೆಕ್ಕರ್ ನದಿಯ ಸೇತುವೆ ದಾಟುವಾಗಲೆಲ್ಲ ಇದು ಮನಸ್ಸಿಗೆ ಬರುತ್ತದೆ. ಧಾರವಾಡ, ಮಡಿಕೇರಿ, ಮಂಗಳೂರುಗಳಲ್ಲಿದ್ದು ಕನ್ನಡ ಕಲಿತ ಕಿಟೆಲ್ಲರ ಕೈಯಲ್ಲಿ ಆ್ಯಪ್ ಇರಲಿಲ್ಲ, ಕೋಚಿಂಗ್ ಇರಲಿಲ್ಲ. ನನ್ನ ಒಂದು ನೋಟ್‌ಬುಕ್ ತುಂಬುವಷ್ಟರಲ್ಲಿ ಒಂದು ಸೆಮಿಸ್ಟರ್ ಕಳೆದಿತ್ತು. ಅಷ್ಟು ದೊಡ್ಡ ನಿಘಂಟಿನ ಹಿಂದಿನ ದುಡಿಮೆ ಎಂಥದ್ದು ಎಂದು ಆಗ ಸ್ವಲ್ಪವಾದರೂ ಅರಿವಿಗೆ ಬಂತು.

ಎರಡನೆಯ ಚಳಿಗಾಲದಲ್ಲಿ ಹಲ್ಲುನೋವು ಬಂದಾಗ ಮತ್ತೆ ಫೋನ್ ಮಾಡಬೇಕಾಯಿತು. ಹೇಳಬೇಕಾದ ಮೂರು ವಾಕ್ಯ ಮೊದಲೇ ಬರೆದಿಟ್ಟುಕೊಂಡಿದ್ದೆ. ಈಗಲೂ ಮುಖ್ಯವಾದ ಕರೆಗೆ ಹಾಗೇ ಮಾಡುತ್ತೇನೆ. 'ಡ್ರೈಫಿಯರ್ಟಲ್ ನೊಯ್ನ್' ಎಂದರು, ಒಂಬತ್ತರ ಮುಕ್ಕಾಲು. ಎಂಟೂ ನಲವತ್ತೈದೇ ತಾನೇ ಎಂದು ಅಂಕಿಯಲ್ಲಿ ತಿರುಗಿ ಕೇಳಿ ಖಚಿತ ಮಾಡಿಕೊಂಡೆ.

ಈಗ ಊರಿನ ಇಬ್ಬರು ಹುಡುಗರು ಜರ್ಮನಿಗೆ ಬರುವ ತಯಾರಿಯಲ್ಲಿದ್ದಾರೆ. ಭಾನುವಾರ ಇಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ನನಗೆ ಬಿಡುವು. ಫೋನಿನಲ್ಲಿ ಒಂದು ಗಂಟೆ ಪಾಠ ಹೇಳುತ್ತೇನೆ. ಮೊದಲ ದಿನ ಅವರಿಗೆ ಹತ್ತು ಕನ್ನಡ ವಾಕ್ಯ ಬರೆಸಿದೆ, ಐದರಲ್ಲಿ 'ಪೇಟೆಗೆ', ಐದರಲ್ಲಿ 'ಪೇಟೆಯಲ್ಲಿ'. ಜರ್ಮನ್ ಪುಸ್ತಕ ತೆರೆದದ್ದು ಎರಡನೆಯ ಭಾನುವಾರ.